ಕಾಗಿನೆಲೆಯಿಂದ ಉಳವಿಯ ಕಾಡುಹಾದಿಗೆ

ಉಳವಿಗೆ ಹೋಗಿ ಬಂದೆವೆಂದು ಹೇಳಿಕೊಳ್ಳುವ ಭಾಗ್ಯ ನಮಗಿನ್ನೂ ಒದಗಿಲ್ಲ. ಹೋಗಲೆಂದು ಹೊರಟು, ಹಾದಿಯ ಬಹುಭಾಗವನ್ನು ಕ್ರಮಿಸಿ, ಚನ್ನಬಸವಣ್ಣನವರ ಗದ್ದುಗೆ ಇನ್ನು ಕೆಲವೇ ಮೈಲಿಗಳ ದೂರದಲ್ಲಿರುವಾಗ ಹಿಂದಿರುಗಿ ಬಂದವರು ನಾವು. ಅದು 2022ರ ಶ್ರಾವಣದ ಮಾತು. ಈ ವರ್ಷ ಕಾರ್ತಿಕ ಮಾಸ ಕಳೆದೊಡನೆ ಮತ್ತೆ ಹೊರಡುವ ಸಂಕಲ್ಪ ಮಾಡಿದ್ದೇವೆ. ಹಿಂದಿನ ಸಲ ಮಾಡಿದ ತಪ್ಪುಗಳನ್ನೂ ಈ ಸಲ ಮಾಡಿಕೊಳ್ಳುತ್ತಿರುವ ಸಿದ್ಧತೆಯನ್ನೂ ವಾಚಕ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ. ಮನೆಯ ಹಿರಿಯರನ್ನು ಕರೆದುಕೊಂಡು ಆ ಕಾಡಿನ ಹಾದಿ ಹಿಡಿಯಬೇಕೆಂದಿರುವ ಕುಟುಂಬಗಳಿಗೆ ಇದರಿಂದ ಅಷ್ಟಿಷ್ಟು ಉಪಯೋಗವಾದೀತು.

ನಮ್ಮ ಊರು ಕಾಗಿನೆಲೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನಲ್ಲಿ ಇದೆ. ಕನಕದಾಸರ ಹೆಸರಿನೊಂದಿಗೆ ಬೆಸೆದುಕೊಂಡ ಊರೆಂದು ನಾಡಿಗೆಲ್ಲ ಗೊತ್ತು. ಆದಿಕೇಶವನ ಗುಡಿಯೂ ದೊಡ್ಡ ಕೆರೆಯೂ ಇಲ್ಲಿಗೆ ಬರುವ ಯಾತ್ರಿಕರಿಗೆಲ್ಲ ಪರಿಚಿತ. ವರ್ಷವಿಡೀ ಬೇರೆ ಊರುಗಳ ಭಕ್ತರು ನಮ್ಮೂರಿಗೆ ಬರುವುದನ್ನು ನೋಡುತ್ತಲೇ ಬೆಳೆದವರು ನಾವು. ಆದರೆ ನಮ್ಮ ಓಣಿಯ ಲಿಂಗಾಯತ ಮನೆತನಗಳಲ್ಲಿ ಹಿರಿಯರು ಯಾತ್ರೆಯೆಂದು ಬಾಯಿಬಿಟ್ಟರೆ ಅದರ ಅರ್ಥ ಉಳವಿ ಎಂದೇ. ಬ್ಯಾಡಗಿಯ ಕಡೆಗೆ ಮೆಣಸಿನಕಾಯಿ, ಹತ್ತಿ, ಗೋವಿನಜೋಳದ ಬಯಲು; ಹಾನಗಲ್ಲ ದಾಟಿ ಮುಂಡಗೋಡದತ್ತ ಸಾಗಿದರೆ ತೇಗದ ಮರಗಳು ಆರಂಭ; ಅಲ್ಲಿಂದ ಪಶ್ಚಿಮಕ್ಕೆ ಸರಿದಂತೆಲ್ಲ ಕಾಡು ದಟ್ಟವಾಗುತ್ತಾ, ದಾಂಡೇಲಿಯ ಬಿದಿರು ಮೆಳೆಗಳನ್ನು ದಾಟಿ ಜೋಯಿಡಾ ತಾಲೂಕಿನೊಳಗೆ ಹೊಕ್ಕಮೇಲೆ ನೆಲಕ್ಕೆ ಬಿಸಿಲು ತಾಗದ ನಿತ್ಯಹರಿದ್ವರ್ಣದ ಮಳೆಕಾಡಾಗುತ್ತದೆ. ಬಯಲುಸೀಮೆಯ ಒಕ್ಕಲುಮನೆಯಿಂದ ಹೊರಟವನು ಸುಮಾರು 200 ಕಿ.ಮೀ. ಹಾದಿಯಲ್ಲಿ ಇಷ್ಟೆಲ್ಲ ಬಗೆಯ ನೆಲವನ್ನು ಕಾಣುತ್ತಾನೆ.

ಅಂತಹ ಕಾಡಿನ ನಡುವೆ ಒಂದು ಶರಣಕ್ಷೇತ್ರ ಏಕೆ ನೆಲೆಗೊಂಡಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಕ್ರಿ.ಶ. 1167-68ರ ಸುಮಾರಿನಲ್ಲಿ ಬಿಜ್ಜಳನ ಕೊಲೆಯಾಗಿ ಕಲ್ಯಾಣದಲ್ಲಿ ಶರಣರ ಮೇಲೆ ಕತ್ತಿ ಎದ್ದಾಗ, ಚನ್ನಬಸವಣ್ಣನವರ ಮುಂದಾಳುತನದಲ್ಲಿ ಒಂದು ದೊಡ್ಡ ತಂಡ ವಚನಗಳ ಕಟ್ಟುಗಳನ್ನು ಹೊತ್ತು ಪಶ್ಚಿಮದತ್ತ ನಡೆಯಿತೆಂದು ಪರಂಪರೆ ಹೇಳುತ್ತದೆ. ಹಾದಿಯುದ್ದಕ್ಕೂ ಅದರ ಗುರುತುಗಳು ಉಳಿದಿವೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿ ಗಂಗಾಂಬಿಕೆಯವರ ಐಕ್ಯಮಂಟಪವಿದೆ. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಸಮಾಧಿಯಿದೆ. ಉಳಿದವರು ಕಾಡು ಹೊಕ್ಕು ಉಳವಿಯನ್ನು ತಲುಪಿದರು. ಚನ್ನಬಸವಣ್ಣನವರು ಅಲ್ಲಿಯೇ, ಇನ್ನೂ ಎಳೆಯ ವಯಸ್ಸಿನಲ್ಲಿಯೇ, ಲಿಂಗೈಕ್ಯರಾದರು. ಅವರ ತಾಯಿ ಅಕ್ಕನಾಗಮ್ಮನವರ ಹೆಸರಿನ ಗವಿ, ಮಹಾಮನೆ, ಆಕಳ ಗವಿ, ವಿಭೂತಿ ಕಣಜ, ಹರಳಯ್ಯನ ಚಿಲುಮೆ ಎಲ್ಲವೂ ಆ ಕಾಡಿನೊಳಗೇ ಹರಡಿಕೊಂಡಿವೆ.

ನಮ್ಮ ತಾಯಿಯವರು ಉಳವಿಯನ್ನು ಒಮ್ಮೆ ಕಂಡಿದ್ದಾರೆ. 1964ರಲ್ಲಿ, ಮದುವೆಯಾದ ಮರುವರ್ಷ, ಮಾಘಮಾಸದ ಜಾತ್ರೆಗೆ ಅತ್ತೆ-ಮಾವಂದಿರೊಂದಿಗೆ ಚಕ್ಕಡಿಯಲ್ಲಿ ಹೋಗಿದ್ದರಂತೆ. ಹನ್ನೊಂದು ಚಕ್ಕಡಿಗಳ ಸಾಲು. ಎತ್ತುಗಳಿಗೆ ಹೊಸ ಜೂಲು, ಕೊರಳಿಗೆ ಗೆಜ್ಜೆಸರ. ಹಗಲು ನಡೆದು ಕತ್ತಲಾದಲ್ಲಿ ಬಿಡಾರ. ಹೋಗಲಿಕ್ಕೆ ಐದು ದಿನ, ಬರಲಿಕ್ಕೆ ಆರು ದಿನ ಹಿಡಿಯಿತೆಂದು ಅವರು ಇಂದಿಗೂ ಬೆರಳು ಮಡಿಚಿ ಎಣಿಸುತ್ತಾರೆ. ಬರುವಾಗ ಒಂದು ದಿನ ಹೆಚ್ಚಾದದ್ದೇಕೆಂದರೆ ಹಿಂದಿರುಗುವ ಹಾದಿಯಲ್ಲಿ ಸೂಪಾ ಊರಿನಲ್ಲಿ ಒಂದು ಎತ್ತು ಕುಂಟಿತು. ಇಂದಿಗೂ ಜಾತ್ರೆಯ ದಿನಗಳಲ್ಲಿ ಧಾರವಾಡ, ಬೆಳಗಾವಿ, ಹಾವೇರಿ ಸೀಮೆಗಳಿಂದ ಚಕ್ಕಡಿಗಳ ಸಾಲು ಆ ಕಾಡಿನೊಳಗೆ ಹೋಗುವುದುಂಟು. ಆದರೆ ಎತ್ತು ಕಟ್ಟುವ ಮನೆಗಳೇ ಕಡಿಮೆಯಾದ ಈ ಕಾಲದಲ್ಲಿ ನಮ್ಮಂಥವರಿಗೆ ಉಳಿದಿರುವುದು ಜೀಪು.

2022ರಲ್ಲಿ ನಾವು ಮಾಡಿದ ಮೊದಲನೆಯ ತಪ್ಪು ಶ್ರಾವಣವನ್ನು ಆರಿಸಿಕೊಂಡದ್ದು. ಶ್ರಾವಣ ನಮಗೆ ಪವಿತ್ರ ಮಾಸ. ಪುರಾಣ, ಪ್ರವಚನ, ಪೂಜೆಗಳ ಕಾಲ. ಬಯಲುಸೀಮೆಯಲ್ಲಿ ಆಗ ಜಿನುಗುಮಳೆ, ಹಸಿರು ಹೊಲ, ಹಿತವಾದ ಗಾಳಿ. ಪಂಚಾಂಗವನ್ನು ನೋಡಿದೆವೇ ಹೊರತು ಮಳೆಯನ್ನು ನೋಡಲಿಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಆ ಭಾಗದಲ್ಲಿ ಮಳೆ ಎಂಬುದು ಬಂದು ಹೋಗುವ ವಸ್ತುವಲ್ಲ, ಮನೆಮಾಡಿಕೊಂಡಿರುವ ವಸ್ತು. ಎರಡನೆಯ ತಪ್ಪು ವಾಹನದ್ದು. ಬಾಡಿಗೆಗೆ ಹಿಡಿದ ಗಾಡಿ ಎತ್ತರವಾಗಿತ್ತು, ಚೌಕಾಕಾರವಾಗಿತ್ತು, ಹಿಂಬದಿಯಲ್ಲಿ ಸ್ಟೆಪ್ನಿ ತೂಗುಹಾಕಿತ್ತು. ನಾವದನ್ನು ಜೀಪೆಂದೇ ಬಗೆದೆವು. ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆಂಬುದು ಕೆಸರಿನಲ್ಲಿ ನಿಂತ ಮೇಲೆ ತಿಳಿಯಿತು. ಚಾಲಕನನ್ನು ದೂರುವಂತಿಲ್ಲ. ನಾವು ಕೇಳಲಿಲ್ಲ, ಅವನು ಹೇಳಲಿಲ್ಲ.

ದಾಂಡೇಲಿಯಿಂದ ಪೋಟೋಲಿ, ಗುಂದದ ಮೇಲಿನ ಹಾದಿ ಹಿಡಿದಿದ್ದೆವು. ಗುಂದ ದಾಟಿದ ಮೇಲೆ ಒಂದು ಕಡೆ ದೊಡ್ಡ ಮರವೊಂದು ರಸ್ತೆಗೆ ಅಡ್ಡಲಾಗಿ ಬಿದ್ದಿತ್ತು. ಅದನ್ನು ಕಡಿದು ತೆಗೆಯುವವರೆಗೆ ಕಾಯುವ ತಾಳ್ಮೆ ನಮಗಿರಲಿಲ್ಲ. ಎಡಗಡೆಗೆ ಹಳೆಯ ಬಂಡಿ ಜಾಡೊಂದು ಕಾಣುತ್ತಿತ್ತು; ನಮ್ಮ ಹಿರಿಯ ಮಗ ಮೊಬೈಲಿನಲ್ಲಿ ಮೊದಲೇ ಇಳಿಸಿಕೊಂಡಿದ್ದ ನಕಾಶೆಯನ್ನು ನೋಡಿ, ಅದು ಸುತ್ತಿ ಮುಂದೆ ರಸ್ತೆಗೇ ಸೇರುತ್ತದೆಂದ. ಇದು ಮೂರನೆಯ ತಪ್ಪು, ಎಲ್ಲಕ್ಕಿಂತ ದೊಡ್ಡದು. ಅರ್ಧ ಮೈಲಿ ಹೋಗುವುದರೊಳಗೆ ಜಾಡು ಹಳ್ಳಕ್ಕಿಳಿಯಿತು. ಇಳಿಯುವುದೇನೋ ಇಳಿದೆವು. ಆಚೆಯ ದಡ ಹತ್ತುವಾಗ ಹಿಂದಿನ ಚಕ್ರಗಳು ಕೆಮ್ಮಣ್ಣಿನಲ್ಲಿ ಗಿರ್ರನೆ ತಿರುಗುತ್ತಾ, ತಿರುಗಿದಷ್ಟೂ ಕೆಳಕ್ಕೆ ಹೂತುಕೊಂಡವು. ಸಂಜೆ ನಾಲ್ಕು ಗಂಟೆಯ ಸಮಯ. ಆ ಮರಗಳ ಕೆಳಗೆ ಆಗಲೇ ಮುಚ್ಚಂಜೆ. ಮಳೆ ಹೊಯ್ಯುತ್ತಿತ್ತು. ಹಳ್ಳದ ನೀರು ನೋಡನೋಡುತ್ತಿದ್ದಂತೆ ಕೆಂಪಾಗಿ ಏರತೊಡಗಿತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಗಾಡಿಯೊಳಗೆ ಎಪ್ಪತ್ತೆಂಟು ವರ್ಷದ ನಮ್ಮ ತಾಯಿಯವರು, ಕೈಯಲ್ಲಿ ಲಿಂಗವಸ್ತ್ರ ಹಿಡಿದು ಮೌನವಾಗಿ ಕುಳಿತಿದ್ದರು.

ಹಳ್ಳದಾಚೆ ದನ ಕಾಯುತ್ತಿದ್ದ ಕುಣಬಿ ಸಮಾಜದ ಹುಡುಗನೊಬ್ಬ ನಮ್ಮ ಕೂಗು ಕೇಳಿ ಬಂದ. ಅವನು ಓಡಿಹೋಗಿ ಮನೆಯವರನ್ನು ಕರೆತಂದ. ಇಬ್ಬರು ಗಂಡಸರು ಕೈಗೆ ಕೈ ಹೆಣೆದು ಕುರ್ಚಿಯಂತೆ ಮಾಡಿ, ತಾಯಿಯವರನ್ನು ಅದರ ಮೇಲೆ ಕೂಡಿಸಿಕೊಂಡು, ಒಂದು ಮೈಲಿಯಷ್ಟು ದೂರ ಹೊತ್ತೊಯ್ದರು. ಹುಲ್ಲು ಹೊದಿಸಿದ ಮನೆ, ನಡುವೆ ಉರಿಯುವ ಒಲೆ. ಮನೆಯ ಹಿರಿಯಾಕೆಗೆ ಕನ್ನಡ ಅಷ್ಟಾಗಿ ಬಾರದು, ನಮ್ಮ ತಾಯಿಗೆ ಕೊಂಕಣಿ ಒಂದಕ್ಷರವೂ ತಿಳಿಯದು. ಆಕೆ ತಾಯಿಯವರ ಒದ್ದೆ ಸೀರೆ ಬಿಡಿಸಿ ತಮ್ಮ ಸೀರೆ ಉಡಿಸಿ, ಕಂಬಳಿ ಹೊದಿಸಿ ಒಲೆಯ ಪಕ್ಕದಲ್ಲಿ ಕೂಡಿಸಿದರು. ನಮ್ಮ ಮನೆಯಲ್ಲಿ ಅಡುಗೆಮನೆಯ ಕಟ್ಟುಕಟ್ಟಳೆಗಳ ವಿಷಯದಲ್ಲಿ ತಾಯಿಯವರು ಎಷ್ಟು ಬಿಗಿ ಎಂಬುದು ಸೊಸೆಯಂದಿರಿಗೆ ಚೆನ್ನಾಗಿ ಗೊತ್ತು. ಆ ರಾತ್ರಿ ಅವರು ಆ ಮನೆಯ ಕೊಡದ ನೀರಿನಿಂದಲೇ ಲಿಂಗಪೂಜೆ ಮಾಡಿಕೊಂಡು, ಆ ಮನೆಯ ಗಂಜಿಯನ್ನೂ ಗೆಡ್ಡೆಯ ಪಲ್ಯವನ್ನೂ ಲಿಂಗಕ್ಕೆ ತೋರಿಸಿ ಊಟಮಾಡಿದರು. ನಾವು ಯಾರೂ ಆ ಬಗ್ಗೆ ಮಾತನಾಡಲಿಲ್ಲ.

ಬೆಳಗ್ಗೆ ಎಂಟು ಜನ ಸೇರಿ ಹಾರೆ, ಹಲಗೆ, ಹಗ್ಗಗಳಿಂದ ಗಾಡಿಯನ್ನು ಎಳೆದು ರಸ್ತೆಗೆ ತಂದರು. ಹಣ ಕೊಡಹೋದರೆ ಮುಟ್ಟಲಿಲ್ಲ. ಅಷ್ಟರಲ್ಲಿ ಗಸ್ತಿನ ಮೇಲೆ ಬಂದ ಅರಣ್ಯ ರಕ್ಷಕರು ನಮಗೆ ಸಾಕಷ್ಟು ಛೀಮಾರಿ ಹಾಕಿದರು, ಅದು ನ್ಯಾಯವೂ ಆಗಿತ್ತು. ತಾಯಿಯವರಿಗೆ ಮೈ ಬೆಚ್ಚಗಾಗಿತ್ತು, ಮಳೆ ನಿಂತಿರಲಿಲ್ಲ, ಮುಂದಿನ ಹಾದಿಯಲ್ಲಿ ಇನ್ನೂ ಮರಗಳು ಬಿದ್ದಿರುವ ಸುದ್ದಿ ಬಂತು. ಅಲ್ಲಿಂದಲೇ ಉಳವಿಯ ದಿಕ್ಕಿಗೆ ಕೈಮುಗಿದು ದಾಂಡೇಲಿಗೆ ಹಿಂದಿರುಗಿದೆವು. ಆಸ್ಪತ್ರೆಗೆ ತೋರಿಸಿ, ಎರಡು ದಿನ ಕಳೆದು ಊರು ಸೇರಿದೆವು. ತಾಯಿಯವರ ಹೆಗಲ ಮೇಲೆ ಆ ಮನೆಯ ಕಂಬಳಿ ಹಾಗೆಯೇ ಇತ್ತು. ಗಡಿಬಿಡಿಯಲ್ಲಿ ಯಾರೂ ಗಮನಿಸಿರಲಿಲ್ಲ.

ಈ ವರ್ಷ ಯುಗಾದಿಯ ದಿನ ಅವರಾಗಿಯೇ ಮಾತೆತ್ತಿದರು. "ತಮ್ಮಾ, ಉಳವಿದು ಅರ್ಧಕ್ಕ ನಿಂತೈತಿ. ನಾ ಚಕ್ಕಡ್ಯಾಗ ಹೋಗಿ ಬಂದಾಕಿ, ನಿಮ್ಮ ಜೀಪಿಗೆ ನಾ ಅಂಜೂದಿಲ್ಲ" ಎಂದರು. ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರಿಗೆ ಮೊಣಕಾಲು ನೋವು, ರಕ್ತದೊತ್ತಡ ಎರಡೂ ಇವೆ. ಮುಂದಿನ ವರ್ಷ ನೋಡೋಣ ಎನ್ನುವ ಧೈರ್ಯ ನಮಗಾರಿಗೂ ಆಗಲಿಲ್ಲ.

ಅಂದಿನಿಂದ ಮನೆಯಲ್ಲಿ ಸಮಾಲೋಚನೆಗಳು ನಡೆದಿವೆ. ಹುಡುಗರ ಉತ್ಸಾಹವೇ ಬೇರೆ. ಹಾನಗಲ್ಲ ಕಡೆಯ ನಮ್ಮ ಬೀಗರ ಅಡಿಕೆ ತೋಟದಲ್ಲಿ ನಿಜವಾದ ಫೋರ್ ವ್ಹೀಲ್ ಜೀಪೊಂದಿದೆ, ಅವರು ಕೊಡಲು ಒಪ್ಪಿದ್ದಾರೆ. ಅದು ಕೈಗೆ ಬರುತ್ತದೆಂದು ತಿಳಿದೊಡನೆ ಮಕ್ಕಳು ಡಾಂಬರು ರಸ್ತೆಯನ್ನೇ ಮರೆತುಬಿಟ್ಟರು. ಪೋಟೋಲಿಯಿಂದಲೇ ಕಾಡಿನ ಜಾಡು ಹಿಡಿಯುವುದು, ಕವಳಾ ಗುಹೆ ನೋಡುವುದು, ಹಳ್ಳಗಳನ್ನು ಜೀಪಿನಲ್ಲಿಯೇ ದಾಟುತ್ತಾ, ಒಂದು ರಾತ್ರಿ ಕಾಡಿನೊಳಗೇ ಬಿಡಾರ ಹೂಡಿ ಉಳವಿ ಸೇರುವುದು ಅವರ ಯೋಜನೆ. ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. "ಅಪ್ಪಾ, ಶರಣರು ಹೋಗಿದ್ದೂ ಕಾಡಿನ ಹಾದ್ಯಾಗ ಅಲ್ಲೇನು?" ಎಂದು ಕಿರಿಯ ಮಗ ಕೇಳಿದ.

ಆ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಒಂದೆರಡು ದಿನ ವಿಚಾರಿಸಿ, ತಿಳಿದವರನ್ನು ಕೇಳಿ, ನಾವು ಅವನಿಗೆ ಹೇಳಿದ್ದಿಷ್ಟು. ಆ ಕಾಡು ಇಂದು ಬರಿಯ ಕಾಡಲ್ಲ. ದಾಂಡೇಲಿಯನ್ನು 1956ರಲ್ಲಿಯೇ ವನ್ಯಧಾಮವೆಂದು ಸಾರಲಾಯಿತು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಲ್ಲಿ ಸಾರ್ವಜನಿಕ ಹೆದ್ದಾರಿಯ ಮೇಲೆ ಹಾದುಹೋಗುವ ದಾರಿಹೋಕನಿಗೆ ಅಡ್ಡಿಯಿಲ್ಲ. ಅದನ್ನು ಬಿಟ್ಟು ಒಳಗೆ ಕಾಲಿಟ್ಟರೆ ಅನುಮತಿ ಬೇಕು. ಹಿಂದಿನ ಸಲ ನಾವು ಹೊಕ್ಕ ಬಂಡಿ ಜಾಡು ನಕಾಶೆಯಲ್ಲಿ ಕಾಣುತ್ತಿತ್ತೆಂಬುದು ನಿಜ. ನಕಾಶೆಯಲ್ಲಿ ಗೆರೆ ಇದ್ದಮಾತ್ರಕ್ಕೆ ಹೋಗುವ ಹಕ್ಕು ಬರುವುದಿಲ್ಲ, ನೆಲ ಹೊರುತ್ತದೆಂಬ ಖಾತರಿಯೂ ಇಲ್ಲ.

ಜೀಪು ಅಲ್ಲಿ ಏನು ಮಾಡುತ್ತದೆಂಬುದನ್ನೂ ತುಸು ವಿವರವಾಗಿ ಹೇಳಬೇಕು, ಏಕೆಂದರೆ ನಾವು ರೈತರು, ಮಣ್ಣಿನ ಮಾತು ನಮಗೆ ಅರ್ಥವಾಗುತ್ತದೆ. ಮಳೆಕಾಡಿನ ನೆಲವನ್ನು ಕಾಯುತ್ತಿರುವುದು ಮೇಲಿನ ತರಗೆಲೆಯ ಹೊದಿಕೆ. ಅದರ ಕೆಳಗಿನ ಕೆಮ್ಮಣ್ಣು ನಮ್ಮ ಎರೆಭೂಮಿಯಂತೆ ಹಿಡಿದುಕೊಳ್ಳುವಂಥದ್ದಲ್ಲ. ಹಲ್ಲುಗಟ್ಟಿದ ಟಯರು ಒಮ್ಮೆ ತಿರುಗಿದರೆ ಹೊದಿಕೆ ಹರಿಯುತ್ತದೆ, ಎರಡು ಗಾಲಿ ಜಾಡು ಬೀಳುತ್ತವೆ. ಮುಂದಿನ ಮಳೆಗೆ ನೀರು ಆ ಜಾಡನ್ನೇ ಕಾಲುವೆ ಮಾಡಿಕೊಳ್ಳುತ್ತದೆ; ಅದರ ಮರುವರ್ಷ ಜಾಡು ಕೊರಕಲಾಗುತ್ತದೆ; ಮಣ್ಣೆಲ್ಲ ಹಳ್ಳಕ್ಕೆ, ಹಳ್ಳದಿಂದ ಕಾಳಿ ನದಿಗೆ. ಚಕ್ಕಡಿಗಳೂ ಜಾಡು ಮಾಡುತ್ತಿದ್ದವಲ್ಲ ಎಂದರೆ, ಹೌದು, ಆದರೆ ಅವು ನೂರಾರು ವರ್ಷಗಳಿಂದ ಒಂದೇ ಹಾದಿಯಲ್ಲಿ, ಒಣಗಾಲದಲ್ಲಿ ಮಾತ್ರ ನಡೆದವು. ಮಂಗಟ್ಟೆ ಹಕ್ಕಿಯ ವಿಷಯವನ್ನೂ ಮಕ್ಕಳಿಗೆ ಹೇಳಿದೆವು. ದಾಂಡೇಲಿಯ ಕಾಡು ಈ ಹಕ್ಕಿಗಳಿಗೆ ಹೆಸರುವಾಸಿ. ಮರಿಮಾಡುವ ಕಾಲದಲ್ಲಿ ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯೊಳಗೆ ಹೊಕ್ಕು, ಬಾಯಿಯನ್ನು ಒಳಗಿನಿಂದಲೇ ಮುಚ್ಚಿಕೊಂಡು, ಒಂದು ಕಿರಿದಾದ ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಗಂಡು ಹಕ್ಕಿ ತಂದುಕೊಡುವ ಹಣ್ಣಿನಿಂದಲೇ ತಾಯಿ-ಮರಿಗಳ ಜೀವನ. ಗದ್ದಲಕ್ಕೆ ಬೆದರಿ ಗಂಡು ಹಕ್ಕಿ ಬಾರದೆ ಹೋದರೆ ಒಳಗಿರುವವರಿಗೆ ಅನ್ನವಿಲ್ಲ.

ಇನ್ನು ಶರಣರ ಮಾತು. ಅವರು ಆ ಹಾದಿ ಹಿಡಿದದ್ದು ವಿನೋದಕ್ಕಲ್ಲ. ಬೆನ್ನ ಹಿಂದೆ ದಂಡು ಇತ್ತು, ಕೈಯಲ್ಲಿ ವಚನಗಳ ಕಟ್ಟಿತ್ತು. ಆ ಕಾಡು ಅವರನ್ನು ಮರೆಮಾಡಿ ಕಾಯಿತು. ಕಿರಿಯ ಮಗ ಮತ್ತೆ ಕೇಳಲಿಲ್ಲ. ಹಿರಿಯವನಿಗೆ ಪೂರ್ತಿ ಸಮಾಧಾನವಾಗಿದೆಯೆಂದು ನಾವು ಹೇಳಲಾರೆವು. ಕಾಡಿನ ಒಳಹಾದಿಯನ್ನು ನೋಡಲೇಬೇಕೆಂಬ ಅವರ ಆಸೆಗೆ ಅರಣ್ಯ ಇಲಾಖೆಯವರೇ ನಡೆಸುವ ಸಫಾರಿ ಇದೆ. ದಾಂಡೇಲಿಯಲ್ಲಿ ತಂಗುವ ದಿನ ಅವರಿಬ್ಬರೂ ಅದರಲ್ಲಿ ಹೋಗಿಬರಲೆಂದು ಒಪ್ಪಂದವಾಗಿದೆ.

ಹಾಗಾದರೆ ಫೋರ್ ವ್ಹೀಲ್ ಜೀಪು ಬೇಕೇ ಏಕೆಂದು ಕೇಳಬಹುದು. ಘಟ್ಟದ ರಸ್ತೆ ಕಿರಿದು. ಮಳೆಗಾಲ ಕಳೆದ ಹೊಸತರಲ್ಲಿ ಅಂಚುಗಳು ಕುಸಿದಿರುತ್ತವೆ, ತಗ್ಗುಗಳು ಬಿದ್ದಿರುತ್ತವೆ. ಎದುರಿಗೆ ಬಸ್ಸು ಬಂದರೆ ಕೆಳಗಿಳಿದು ನಿಲ್ಲಬೇಕು, ಮತ್ತೆ ಮೇಲೇರಬೇಕು. ಅಲ್ಲಿ ನೆಲದಿಂದ ಎತ್ತರವಿರುವ, ನಾಲ್ಕೂ ಚಕ್ರಗಳಿಗೆ ಬಲ ಸಿಗುವ ಗಾಡಿ ಮುದುಕರಿಗೆ ಕುಲುಕಾಟವನ್ನೂ ಅಂಜಿಕೆಯನ್ನೂ ಕಡಿಮೆ ಮಾಡುತ್ತದೆ. ಜೀಪು ಹುಟ್ಟಿದ್ದೇ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ. ನಮ್ಮ ದೇಶದಲ್ಲಿ ಮಹೀಂದ್ರಾ ಕಂಪನಿಯವರು 1947ರಿಂದ ಅದನ್ನು ಜೋಡಿಸತೊಡಗಿದರು. ಯುದ್ಧಕ್ಕೆಂದು ಹುಟ್ಟಿದ ಗಾಡಿ ಇಂದು ಅಡಿಕೆ ಹೊರುತ್ತದೆ, ಯಾತ್ರಿಕರನ್ನೂ ಹೊರುತ್ತದೆ.

ಬ್ಯಾಡಗಿಯ ಗ್ಯಾರೇಜಿನ ಹಿರಿಯ ಮಿಸ್ತ್ರಿಯೊಬ್ಬರು ಕೆಲವು ಮಾತು ಹೇಳಿಕೊಟ್ಟರು. ಒಣಗಿದ ಡಾಂಬರು ರಸ್ತೆಯಲ್ಲಿ ಇಂಥ ಹಳೆಯ ಜೀಪನ್ನು ಫೋರ್ ವ್ಹೀಲಿನಲ್ಲಿ ಓಡಿಸಬಾರದು, ಒಳಗಿನ ಹಲ್ಲುಗಳ ಮೇಲೆ ಒತ್ತಡ ಬಿದ್ದು ಹಾಳಾಗುತ್ತವೆ. ಕೆಸರು, ಮರಳು, ಸಡಿಲ ಜಲ್ಲಿಯಲ್ಲಷ್ಟೇ ಹಾಕಬೇಕು. ಅದನ್ನೂ ಸಿಕ್ಕಿಬಿದ್ದ ಮೇಲೆ ಅಲ್ಲ, ಕೆಸರಿಗೆ ಇಳಿಯುವ ಮುನ್ನ. ಇಳಿಜಾರಿನಲ್ಲಿ ಬ್ರೇಕನ್ನು ತುಳಿಯುತ್ತಲೇ ಇರದೆ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ಇಳಿಯಬೇಕು. ಕೆಸರಿನಲ್ಲಿ ಟಯರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಮತ್ತೆ ರಸ್ತೆಗೆ ಬಂದೊಡನೆ ತುಂಬಿಸಲು ಪಂಪು ಜೊತೆಗಿರಬೇಕು. ರಸ್ತೆಯ ಮೇಲೆಯೇ ನೀರು ಹರಿಯುತ್ತಿದ್ದರೆ ಮೊದಲು ಒಬ್ಬರು ಕೋಲು ಹಿಡಿದು ನಡೆದು ನೋಡಬೇಕು. ಮೊಣಕಾಲು ಮುಳುಗಿದರೆ ಅಥವಾ ಸೆಳೆತವಿದ್ದರೆ ಆ ದಿನ ದಾಟುವಂತಿಲ್ಲ. ದಾಟಿದ ಮೇಲೆ ನಾಲ್ಕಾರು ಸಲ ಮೆಲ್ಲಗೆ ಬ್ರೇಕು ತುಳಿದು ಒಣಗಿಸಿಕೊಳ್ಳಬೇಕು. ಒಂದು ಗಾಡಿಗಿಂತ ಎರಡು ಗಾಡಿಗಳಲ್ಲಿ ಹೋಗುವುದು ಲೇಸು. ಒಂದು ನಿಂತರೆ ಮತ್ತೊಂದು ಎಳೆದೀತು. ಈ ಮಾತಿನ ಮೇಲೆ ನಮ್ಮ ಷಡ್ಡಕರ ಕುಟುಂಬವೂ ಬರುವುದೆಂದು ನಿಶ್ಚಯವಾಗಿದೆ. ಗಟ್ಟಿ ಹಗ್ಗ, ಸಲಿಕೆ, ಎರಡು ಹಲಗೆ, ಜ್ಯಾಕಿನ ಅಡಿಗೆ ಇಡಲು ದಪ್ಪ ಮರದ ತುಂಡು, ಎರಡು ಸ್ಟೆಪ್ನಿ ಇಷ್ಟು ಸಾಮಾನು ಸೇರಿಸಿದ್ದೇವೆ. ಡೀಸೆಲನ್ನು ದಾಂಡೇಲಿಯಲ್ಲಿಯೇ ಪೂರ್ತಿ ತುಂಬಿಸಿಕೊಳ್ಳುವುದು.

ಕಾಲವನ್ನು ಆರಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮಳೆಗಾಲ ಬೇಡ. ಮಾಘದ ಜಾತ್ರೆಯ ವೇಳೆಗೆ ಹಾದಿ ಒಣಗಿರುತ್ತದೆ, ಆದರೆ ಜನಸಂದಣಿಯಲ್ಲಿ ತಾಯಿಯವರನ್ನು ಗದ್ದುಗೆಯವರೆಗೆ ನಡೆಸುವುದು ಆಗದ ಮಾತು. ಮೇಲಾಗಿ ಆಗ ನಮ್ಮ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹಂಗಾಮು. ಮಂಗನ ಕಾಯಿಲೆಯ ಭಯವೂ ಉಂಟು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಾಣಿಸಿಕೊಂಡ ಈ ಜ್ವರ ಉತ್ತರ ಕನ್ನಡ ಜಿಲ್ಲೆಯಲ್ಲಿಯೂ ಇದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಸೋಂಕು ತಗಲಿದ ಉಣ್ಣೆಹುಳು ಕಚ್ಚುವುದರಿಂದ ಬರುತ್ತದೆಯೇ ಹೊರತು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ಗೋವಿನಜೋಳದ ರಾಶಿ ಮುಗಿದು, ಮೆಣಸಿನಕಾಯಿ ಕೆಂಪಾಗುವ ಮುನ್ನ, ನವೆಂಬರ್ ಕೊನೆಯ ವಾರವನ್ನು ಗೊತ್ತುಮಾಡಿದ್ದೇವೆ. ಆಗಲೂ ಎಚ್ಚರ ತಪ್ಪುವಂತಿಲ್ಲ. ಗವಿಗಳಿಗೆ ನಡೆಯುವವರು ಮೈತುಂಬ ಬಟ್ಟೆ ತೊಟ್ಟು, ಬರಿನೆಲದ ಮೇಲೆ, ತರಗೆಲೆಯ ಮೇಲೆ ಕೂಡದೆ, ಬಂದಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಉಣ್ಣೆ ಹತ್ತದಂತೆ ಚರ್ಮಕ್ಕೆ ಸವರುವ ಡೇಪಾ ತೈಲವನ್ನು ಆರೋಗ್ಯ ಇಲಾಖೆಯವರು ಆ ಭಾಗದಲ್ಲಿ ಕೊಡುತ್ತಾರೆ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹಿಂದಿರುಗಿದ ಮೇಲೆ ಹಠಾತ್ತನೆ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿ ಬಂದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಬುತ್ತಿಯ ವಿಷಯ ಮನೆಯ ಹೆಣ್ಣುಮಕ್ಕಳದು, ಅದರಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ, ಸಂಡಿಗೆ ಮೆಣಸಿನಕಾಯಿ ಎಂದು ಈಗಾಗಲೇ ಲೆಕ್ಕ ನಡೆದಿದೆ. ಉಳವಿಯಲ್ಲಿ ದಾಸೋಹವಿದೆ, ವಸತಿಯಿದೆ, ಇಷ್ಟೆಲ್ಲ ಏಕೆಂದರೆ, ಮರ ಬಿದ್ದರೆ ಏನು ಗತಿ ಎಂಬ ಉತ್ತರ ಬರುತ್ತದೆ. ನಾವು ಸೇರಿಸಿದ್ದು ಒಂದೇ ಮಾತು: ಪ್ಲಾಸ್ಟಿಕ್ ಚೀಲ ಬೇಡ, ಎಲ್ಲವೂ ಬಟ್ಟೆಯ ಗಂಟಿನಲ್ಲಿ, ಡಬ್ಬಿಯಲ್ಲಿ ಇರಲಿ.

ಮೊದಲ ದಿನ ಹಾವೇರಿ, ಶಿಗ್ಗಾಂವಿ, ತಡಸ, ಕಲಘಟಗಿ, ಹಳಿಯಾಳದ ಮೇಲೆ ದಾಂಡೇಲಿ ಸೇರಿ ಅಲ್ಲಿಯೇ ವಿಶ್ರಾಂತಿ. ಎರಡನೆಯ ದಿನ ಬೆಳಗಾಗಿ ಬೆಳಕು ಹರಿದ ಮೇಲೆ ಹೊರಟು ಪೋಟೋಲಿ, ಗುಂದದ ಮೇಲೆ ಹೋಗುವುದು. ಹರಳಯ್ಯನ ಚಿಲುಮೆಯಲ್ಲಿ ನೀರು ಕುಡಿದು ಮಧ್ಯಾಹ್ನದೊಳಗೆ ಉಳವಿ. ಹೊರಡುವ ಮುನ್ನ ಹಾದಿ ತೆರೆದಿದೆಯೇ, ತನಿಖಾ ಠಾಣೆಗಳ ವೇಳೆ ಏನೆಂಬುದನ್ನು ದಾಂಡೇಲಿಯಲ್ಲಿ ವಿಚಾರಿಸುವುದು. ಕತ್ತಲಾದ ಮೇಲೆ ಗಾಡಿ ಓಡಿಸುವುದಿಲ್ಲವೆಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದೇವೆ. ಮೂರನೆಯ ದಿನ ನಡೆಯಬಲ್ಲವರು ಗವಿಗಳಿಗೆ ಹೋಗುವುದು. ತಾಯಿಯವರು ಗದ್ದುಗೆಯ ಸನ್ನಿಧಿಯಲ್ಲಿಯೇ ಇರುವುದು. ನಾಲ್ಕನೆಯ ದಿನ ಜೋಯಿಡಾ, ಗಣೇಶಗುಡಿಯ ಮೇಲೆ ದಾಂಡೇಲಿಗೆ ಬಂದು, ಅಳ್ನಾವರದಿಂದ ಕಕ್ಕೇರಿಗೆ ಹೋಗಿ, ಕಿತ್ತೂರು, ಎಂ.ಕೆ. ಹುಬ್ಬಳ್ಳಿ ನೋಡಿಕೊಂಡು ಧಾರವಾಡದ ಮೇಲೆ ಊರಿಗೆ.

ಗಣೇಶಗುಡಿಯ ಹಾದಿಯನ್ನು ಸೇರಿಸಿದ್ದು ತಾಯಿಯವರ ಒತ್ತಾಯಕ್ಕಾ‌ಗಿ. ಎತ್ತು ಕುಂಟಿದ ಸೂಪಾ ಊರನ್ನು ಮತ್ತೊಮ್ಮೆ ನೋಡಬೇಕೆಂದರು. ಅಲ್ಲಿ ಒಬ್ಬರ ಮನೆಯ ಜಗುಲಿಯಲ್ಲಿ ಎರಡು ರಾತ್ರಿ ತಂಗಿದ್ದರಂತೆ. ಮನೆಯವರು ಎತ್ತಿನ ಕಾಲಿಗೆ ಯಾವುದೋ ಬೇರು ತೇಯ್ದು ಕಟ್ಟಿದ್ದರಂತೆ. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಇದ್ದ, ಒಂದು ಕಾಲಕ್ಕೆ ತಾಲೂಕಿಗೇ ಹೆಸರು ಕೊಟ್ಟಿದ್ದ ಆ ಊರು ಈಗಿಲ್ಲ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿತು, ತಾಲೂಕಿನ ಕಚೇರಿಗಳೆಲ್ಲ ಜೋಯಿಡಾಕ್ಕೆ ಹೋದವು. ಇದನ್ನು ತಿಳಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಜಗುಲಿಯ ಮನೆಯವರು ಎಲ್ಲಿ ಹೋದರೆಂದು ಕೇಳಿದರು. ನಮ್ಮ ಮನೆಯ ದೀಪಕ್ಕೆ ಬರುವ ಕರೆಂಟಿನಲ್ಲಿ ಆ ನೀರಿನದೂ ಒಂದು ಪಾಲಿದೆ. ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಸಾಮಾನಿನ ಪಟ್ಟಿಯಲ್ಲಿ ತಾಯಿಯವರು ಮೊದಲನೆಯದಾಗಿ ಬರೆಯಿಸಿದ್ದು ಆ ಕಂಬಳಿಯನ್ನು. ಒಗೆದು, ಬಿಸಿಲಿಗೆ ಹಾಕಿ, ಮಡಿಚಿ ಇಟ್ಟು ವರ್ಷಗಳಾದವು. ಅದರ ಜೊತೆಗೆ ಐದು ಕಿಲೋ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ, ಒಂದು ಇಲಕಲ್ಲ ಸೀರೆ, ಒಂದು ಚೀಲ ಬಿಳಿಜೋಳ. ಅಕ್ಕಿ ಉಣ್ಣುವವರಿಗೆ ಜೋಳವೇಕೆಂದು ಸೊಸೆಯಂದಿರು ನಕ್ಕರೆ, ತಾವೇ ರೊಟ್ಟಿ ಬಡಿಯಲು ಕಲಿಸಿ ಬರುವುದಾಗಿ ಹೇಳಿದ್ದಾರೆ. ಗದ್ದುಗೆಯ ದರ್ಶನಕ್ಕಿಂತ ಮೊದಲು ಕಂಬಳಿ ಮರಳಿಸಬೇಕೆಂಬುದು ಅವರ ಹಠ. ಆ ಮನೆ ಇರುವುದು ಹಳ್ಳದಾಚೆ, ಜೀಪು ಹೋಗಬಾರದ ಹಾದಿಯಲ್ಲಿ. ಗುಂದದಲ್ಲಿ ಯಾರ ಕೈಯಲ್ಲಾದರೂ ಹೇಳಿಕಳಿಸಿ ಆ ಮನೆಯವರನ್ನೇ ರಸ್ತೆಗೆ ಬರುವಂತೆ ಕೇಳಿಕೊಳ್ಳೋಣ, ಇಲ್ಲವೇ ನಾವು ಗಂಡಸರು ನಡೆದುಹೋಗಿ ಕೊಟ್ಟು ಬರುತ್ತೇವೆ, ನೀವು ಜೀಪಿನಲ್ಲಿ ಕುಳಿತಿರಿ ಎಂದು ನಾವು ಹೇಳುತ್ತಿದ್ದೇವೆ. ಕೊಟ್ಟಾಕೀನ ಮಾರಿ ನೋಡದ ಹೆಂಗ ಕೊಡೂದು ಎನ್ನುತ್ತಾರೆ ಅವರು. ಇನ್ನೂ ಇತ್ಯರ್ಥವಾಗಿಲ್ಲ. ಈ ನಡುವೆ, ಬೆತ್ತದ ಹಗುರವಾದ ಕುರ್ಚಿಯೊಂದಕ್ಕೆ ಎರಡು ಬಿದಿರು ಗಳ ಕಟ್ಟಿದರೆ ಹೊರಬಹುದೇ ಎಂದು ಹುಡುಗರು ಅಟ್ಟದ ಮೇಲೆ ಹುಡುಕುತ್ತಿದ್ದಾರೆ.